ಕುದುರೆ ತುಟಿ ಎತ್ತಿದ ದಿನ

ಗೋದಾವರಿ ನಸುಕಿನಲ್ಲೇ ಹಾರ ಕಟ್ಟಿ ಮುಗಿಸಿದ್ದಳು. ದೇವರ ಹಾರಗಳನ್ನು ಭಟ್ಟರ ಕೈಗೆ ಒಪ್ಪಿಸಿ, ಅಂಗಳ ಗುಡಿಸಲೆಂದು ಹಿಡಿಸೂಡಿ ಹಿಡಿದು ಹೊರಗೆ ಬಂದಳು. ನೋಡಿದರೆ, ಕಾಲು ತೊಳೆಯುವ ನಳ್ಳಿಯ ಪಕ್ಕದಲ್ಲಿ ಒಂದು ಬಿಳಿ ಕುದುರೆ ನಿಂತಿತ್ತು.

ಸಾಲಿಗ್ರಾಮದಿಂದ ಪಡುವಣಕ್ಕೆ, ಕಡಲ ಬದಿಗೆ ಇರುವ ಸಣ್ಣ ದೇವಸ್ಥಾನ ಅದು. ಪಕ್ಕದಲ್ಲೇ ಒಂದು ಮದುವೆ ಮಂಟಪ, ಎರಡಕ್ಕೂ ಸುತ್ತ ಒಂದೇ ಪಾಗಾರದ ಗೋಡೆ. ಎರಡು ಸಾವಿರದ ಒಂಬತ್ತರ ಮೇ ತಿಂಗಳು. ದಿನ ಬಿಟ್ಟು ದಿನ ಮದುವೆ. ಈ ದಿನದ ಮದುಮಗ ಯೋಗೀಶ್ ಮುಂಬೈಯಲ್ಲಿ ಹುಟ್ಟಿ ಬೆಳೆದವನು. ಅಲ್ಲಿಯವರ ಹಾಗೆ ಕುದುರೆ ಮೇಲೆಯೇ ದಿಬ್ಬಣ ಬರಬೇಕು ಎಂದು ಅವನ ಕಡೆಯವರಿಗೆ ಹಟ. ಬರಲಿ, ಆದರೆ ಗೇಟಿನವರೆಗೆ ಮಾತ್ರ, ಪಾಗಾರದೊಳಗೆ ಕುದುರೆಯ ಗೊರಸು ಬೀಳಕೂಡದು ಎಂದು ಮೊಕ್ತೇಸರ ದುಗ್ಗಪ್ಪಣ್ಣ ಮೂರು ಸಲ ಹೇಳಿದ್ದರು. ಅವರು ಒಂದು ಸಲ ಹೇಳಿದ್ದೇ ಆ ಊರಿನಲ್ಲಿ ಹೆಚ್ಚು.

"ಅಕ್ಕಾ, ನಿಮ್ ಕಾಲ್ ಹಿಡಿತೆ," ಎನ್ನುತ್ತ ಕುದುರೆಯ ಹಿಂದಿನಿಂದ ಒಬ್ಬ ಗಂಡಸು ಬಂದ. "ದುಗ್ಗಪ್ಪಣ್ಣನಿಗ್ ಹೇಳ್ಬೇಡಿ. ರಾತ್ರಿ ಹೊರ್ಗೇ ಕಟ್ಟಿದ್ದೆ. ನಾಯಿಗಳ್ ಕಾಟ ತಡುಕಾಯ್ಲಿಲ್ಲೆ. ಒಳ್ಗ್ ತಂದ್ ಕಟ್ಟಿದೆ."

ಅವನು ನಾವುಂದದ ಗುಣಪಾಲ. ಹದಿನೈದು ವರ್ಷ ಮುಂಬೈಯ ಕುದುರೆ ಲಾಯದಲ್ಲಿ ದುಡಿದು, ಎರಡು ಕುದುರೆ ಕಟ್ಟಿಕೊಂಡು ಊರಿಗೆ ಬಂದಿದ್ದ. ಸಂಜೆಗೆ ಮರವಂತೆಯ ಕಡಲ ಬದಿಯಲ್ಲಿ ಮಕ್ಕಳನ್ನು ಕೂರಿಸಿ ಒಂದು ಸುತ್ತು ತಿರುಗಿಸುವುದು, ಮದುವೆ ಬಂದರೆ ದಿಬ್ಬಣಕ್ಕೆ ಹೋಗುವುದು. ಈ ಬಿಳಿಯದು ಹೆಣ್ಣು ಕುದುರೆ. ನಿಂತಲ್ಲಿ ನಿಲ್ಲದೆ ಕಾಲು ಬದಲಿಸುತ್ತ, ಬಾಲವನ್ನು ಒಂದು ಬದಿಗೆ ಎತ್ತಿ, ಸ್ವಲ್ಪ ಸ್ವಲ್ಪವೇ ಉಚ್ಚೆ ಹೊಯ್ಯುತ್ತಿತ್ತು. ಸಿಮೆಂಟಿನ ನೆಲವಿಡೀ ಒದ್ದೆ. ಘಾಟು ಮೂಗಿಗೆ ಹೊಡೆಯುತ್ತಿತ್ತು.

"ರಾತ್ರಿಯಿಂದ ಬೆದಿಗ್ ಬಂದಿತ್ತ್ ಅಕ್ಕಾ. ಇದ್ರ ಬೆನ್ನಿಗ್ ಮದುಮಗನ್ನ ಕೂರ್ಸಿರೆ ಎತ್ತಿ ಹಾಕುಕ್ ಸಾಕ್. ನಮ್ ಭಾವ ಗಂಡ್ ಕುದ್ರಿ ತಕಂಡ್ ಟೆಂಪೋದಗೆ ಬತ್ತಾ ಇದ್ದ. ಇದನ್ನ್ ಅದೇ ಟೆಂಪೋದಗೆ ವಾಪಸ್ ಕಳ್ಸ್ತೆ."

ಗುಡಿಸುವ ಹೆಂಗಸು ಆ ದಿನ ಬಂದಿರಲಿಲ್ಲ. ಗೋದಾವರಿಯೇ ಕೆಲಸಕ್ಕೆ ಇಳಿದಳು. ಸೀರೆ ಎತ್ತಿ ಕಟ್ಟಿ, ಕೊಡಪಾನದಲ್ಲಿ ನೀರು ತಂದು ಸುರಿದು, ಹಿಡಿಸೂಡಿಯಿಂದ ಗಸಗಸ ತಿಕ್ಕಿದಳು. ಟೆಂಪೋ ಬಂತು, ಬಿಳಿ ಕುದುರೆ ಹತ್ತಿತು, ಕಂದು ಬಣ್ಣದ ಗಂಡು ಕುದುರೆ ಇಳಿದು ರಸ್ತೆಯಾಚೆಯ ಗಾಳಿಮರದ ನೆರಳಿಗೆ ಹೋಯಿತು. ಪಾಪದ ಗಂಡಸು, ಅವನ ಹೊಟ್ಟೆಪಾಡಿಗೆ ನಾನ್ಯಾಕೆ ಕಲ್ಲು ಹಾಕಲಿ ಎಂದುಕೊಂಡಳು ಗೋದಾವರಿ. ಸೀರೆಯ ಅಂಚು ಮೊಣಕಾಲಿನವರೆಗೆ ನೆನೆದಿತ್ತು. ಮನೆಗೆ ಹೋಗಿ ಮಿಂದು ಬದಲಿಸಿ ಬರಬೇಕು ಎಂದುಕೊಳ್ಳುವಷ್ಟರಲ್ಲಿ ಮಂಟಪದ ಒಳಗಿಂದ ಕೂಗು ಬಂತು: ಮದುಮಗಳ ಜಡೆಗೆ ಹೂ ಸುತ್ತಲು ಜನವಿಲ್ಲ. ಹೋದಳು. ಅಂಚು ಮೈ ಮೇಲೆಯೇ ಒಣಗಿತು.

ಆ ದೇವಸ್ಥಾನಕ್ಕೆ ಹೂ ಕಟ್ಟುವುದು ಗೋದಾವರಿಯ ಅತ್ತೆಯ ಕಾಲದಿಂದ ಬಂದ ಕೆಲಸ. ಗಂಡ ದಿನಕರ ಮುಂಬೈಯ ಒಂದು ಕ್ಯಾಂಟೀನಿನಲ್ಲಿ ಅಡುಗೆಗಿದ್ದ, ವರ್ಷಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಅವಳು ಮತ್ತು ಎಂಟನೆಯ ತರಗತಿ ಮುಗಿಸಿದ ಮಗಳು ಶ್ರಾವ್ಯ. ತಿಂಗಳಿಗೆ ಮೂರು ದಿನ ಗೋದಾವರಿ ಹೊರಗೆ ಕೂರುವಾಗ ಮಾತ್ರ ಹಾರ ಕಟ್ಟುವವಳು ನೆರೆಮನೆಯ ರಾಜೀವಕ್ಕನ ಸೊಸೆ ಸುಗುಣ. ಆ ಮೂರು ದಿನ ತಿಂಗಳಿಡೀ ಆಗಬಾರದೇ ಎಂದು ರಾಜೀವಕ್ಕನಿಗೆ ಆಸೆ. ಅವರು ಅದನ್ನು ಮುಚ್ಚಿಟ್ಟವರೂ ಅಲ್ಲ.

ಹನ್ನೊಂದು ಗಂಟೆಗೆ ಬ್ಯಾಂಡಿನ ಸದ್ದು ಕೇಳಿತು. ದಿಬ್ಬಣ ಗೇಟಿಗೆ ಬಂತು. ಆರತಿ ಹಿಡಿದ ಹೆಂಗಸರು ಮುಂದೆ. ಅವರ ಬದಿಗೆ, ಮದುಮಕ್ಕಳ ಹಾರಗಳಿದ್ದ ಹರಿವಾಣ ಹಿಡಿದು ಗೋದಾವರಿ. ಕುದುರೆಯ ಮೇಲೆ ಯೋಗೀಶ್ ಬೆವರಿ ತೊಯ್ದು ಕೂತಿದ್ದ. ಲಗಾಮು ಗುಣಪಾಲನ ಕೈಯಲ್ಲಿತ್ತು.

ಕುದುರೆ ಆರತಿಯ ಕಡೆ ನೋಡಲೇ ಇಲ್ಲ. ಕತ್ತು ನೀಡಿ ನೇರ ಗೋದಾವರಿಯ ಹತ್ತಿರ ಬಂತು. ಮೂಗನ್ನು ಅವಳ ಸೀರೆಯ ಅಂಚಿಗೆ ತಾಗಿಸಿ ಉಸಿರೆಳೆಯಿತು, ಬಿಟ್ಟಿತು, ಮತ್ತೆ ಎಳೆಯಿತು. ಆಮೇಲೆ ತಲೆಯನ್ನು ಆಕಾಶಕ್ಕೆ ಎತ್ತಿ, ಮೇಲಿನ ತುಟಿಯನ್ನು ಮೂಗಿನ ಹೊಳ್ಳೆಯ ಮೇಲಕ್ಕೆ ಮಡಚಿ, ಹಳದಿ ಹಲ್ಲುಗಳನ್ನೆಲ್ಲ ತೋರಿಸಿ, ಕಣ್ಣು ಅರೆಮುಚ್ಚಿ ಹಾಗೆಯೇ ನಿಂತುಬಿಟ್ಟಿತು.

"ಕುದ್ರಿ ನೆಗಾಡತ್ತ್! ಕುದ್ರಿ ನೆಗಾಡತ್ತ್ ಕಾಣಿ!" ಎಂದು ಮಕ್ಕಳು ಕುಣಿದವು. ಬ್ಯಾಂಡಿನವನೂ ಊದುವುದು ನಿಲ್ಲಿಸಿ ನಕ್ಕ.

ರಾಜೀವಕ್ಕ ನಗಲಿಲ್ಲ. ಕೈಯಲ್ಲಿದ್ದ ಆರತಿ ತಟ್ಟೆಯನ್ನು ಪಕ್ಕದವರಿಗೆ ಕೊಟ್ಟರು.

"ಅದ್ ನೆಗಿ ಅಲ್ಲ. ಮೂಕ ಪ್ರಾಣಿಗಳಿಗ್ ಗೊತ್ತಾತ್ತ್," ಎಂದರು. ದನಿ ಎತ್ತರಿಸಲಿಲ್ಲ, ಎಲ್ಲರಿಗೂ ಕೇಳುವಷ್ಟು ಮಾತ್ರ ಇತ್ತು. "ಹೆಣೇ ಗೋದಾವರಿ, ನೀ ಹೊರ್ಗಾ?"

ಗೋದಾವರಿ ಅವರ ಕಡೆ ತಿರುಗಿದಳು.

"ಎಂತ ಮಾತಾಡ್ತ್ರಿ ರಾಜೀವಕ್ಕಾ! ಹೊರ್ಗಾದ್ರೆ ನಾ ಇಲ್ಲಿಗ್ ಬತ್ನಾ?"

"ಸೌರ ಯುಗಾದಿ ಮರ್ದಿನ ನೀ ಬರ್ಲಿಲ್ಲೆ. ಹಾರ ಕಟ್ಟದ್ದ್ ನಮ್ಮ್ ಸುಗುಣ. ಅಲ್ಲಿಂದ ಎಣ್ಸ್. ಇವತ್ತಿಗ್ ಸಮಾ ಇಪ್ಪತ್ತೆಂಟ್."

ಗೋದಾವರಿಗೆ ಮೈ ಉರಿದುಹೋಯಿತು. ಹೊರಗೆ ಕೂರುವ ದಿನ ಇಡೀ ಕೇರಿಗೆ ಗೊತ್ತಾಗುತ್ತದೆ, ಅದು ಹೊಸದಲ್ಲ. ಆದರೆ ಯಾರೋ ಒಬ್ಬರು ಬೆರಳು ಮಡಚಿ ತನ್ನ ಮೈಯ ದಿನಗಳನ್ನು ಎಣಿಸುತ್ತ ಕೂತಿದ್ದರು ಎಂದು ಅವಳು ಎಣಿಸಿರಲಿಲ್ಲ. ಅದೂ ಗಂಡಸರೆದುರಿಗೆ, ಬ್ಯಾಂಡಿನವರೆದುರಿಗೆ, ಮಗಳೆದುರಿಗೆ. ಶ್ರಾವ್ಯ ಮಲ್ಲಿಗೆಯ ಬುಟ್ಟಿ ಸೊಂಟಕ್ಕಿಟ್ಟು ಕಲ್ಲಾಗಿ ನಿಂತಿದ್ದಳು.

"ಎಂತ ಆಯ್ತ್?" ಎನ್ನುತ್ತ ದುಗ್ಗಪ್ಪಣ್ಣ ಶಾಲು ಸರಿಮಾಡಿಕೊಂಡು ಬಂದರು. ಯಾರೋ ಕಿವಿಯಲ್ಲಿ ಹೇಳಿದರು. ಅವರ ಮುಖ ಕಪ್ಪಿಟ್ಟಿತು. "ಗೋದಾವರಮ್ಮ, ದೇವರ ಹಾರವೂ ನೀವೇ ಕಟ್ಟದ್ದಾ?"

"ಹೌದ್. ನಾ ಹೊರ್ಗಲ್ಲ ದುಗ್ಗಪ್ಪಣ್ಣ. ದೇವರಾಣಿ."

"ಆಣಿ ಎಂತಕೆ?" ರಾಜೀವಕ್ಕ ಮುಂದೆ ಬಂದು ಅವಳ ಮೊಣಕೈ ಹಿಡಿದರು. "ಬಚ್ಚಲಿಗ್ ಬಾ. ನಾ ಒಂದ್ ಸಲ ಕಾಂತೆ. ಒಂದ್ ನಿಮಿಷದ್ ಕೆಲ್ಸ. ಇಲ್ಲ ಅಂದ್ರೆ ಇಲ್ಲ ಅಂದೇಳಿ ನಾನೇ ಎಲ್ಲರಿಗೂ ಹೇಳ್ತೆ."

ಹೆಂಗಸರು ತಲೆಯಾಡಿಸಿದರು. ಅದೇ ಸರಿ, ಅದೇ ಸುಲಭ. ಗೋದಾವರಿಗೂ ಒಂದು ಕ್ಷಣ ಹಾಗೆಯೇ ಅನ್ನಿಸಿತು. ತಪ್ಪು ಮಾಡಿಲ್ಲ, ಹೋಗಿ ಬಂದರೆ ಮುಗಿಯಿತು. ಕೆಲಸ ಉಳಿಯುತ್ತದೆ, ಮರ್ಯಾದೆ ಉಳಿಯುತ್ತದೆ. ಒಂದು ಹೆಜ್ಜೆ ಇಟ್ಟೂ ಬಿಟ್ಟಳು. ಆಗ ಶ್ರಾವ್ಯ ಬುಟ್ಟಿ ಕೆಳಗಿಟ್ಟು ಹಿಂದೆಯೇ ಬಂದಳು, ಅಮ್ಮ ಹೋಗುವ ಕಡೆಗೆ ತಾನೂ ಹೋಗಬೇಕು ಎಂಬಂತೆ, ತಲೆ ತಗ್ಗಿಸಿ. ಆ ತಗ್ಗಿದ ತಲೆ ಕಂಡದ್ದೇ ಗೋದಾವರಿಯ ಕಾಲು ನಿಂತಿತು.

"ಕೈ ಬಿಡಿ ರಾಜೀವಕ್ಕಾ."

"ಎಂತ?"

"ಬಚ್ಚಲಿಗ್ ಬತ್ತಿಲ್ಲೆ. ನನ್ ಬಾಯಿ ಮಾತ್ ಸಾಕಾದ್ರೆ ಸಾಕ್. ಸಾಲದಿದ್ರೆ ಬಿಡಿ. ಸೀರಿ ಬಿಡ್ಸಿ ತೋರ್ಸುಕೆ ನಾ ಮದಿಮನಿಗ್ ಬಂದದ್ದಲ್ಲ."

"ಕಂಡ್ರಿಯಾ?" ರಾಜೀವಕ್ಕ ಸುತ್ತ ತಿರುಗಿದರು. "ಎಂತದೂ ಇಲ್ದಿರೆ ಹೆದ್ರುದ್ ಎಂತಕೆ? ಹ್ವಾಯ್ ಭಟ್ರೇ, ದೇವರ ಹಾರ ತೆಗಿನಿ!"

ಗುಂಪಿನ ಮಾತು ಒಮ್ಮೆಗೇ ಎದ್ದಿತು. ಸೊಕ್ಕು ಕಾಣಿ ಅವಳದು. ಗಂಡ ಊರಲ್ಲಿ ಇಲ್ಲದಿದ್ದರೆ ಹೀಗೆಯೇ. ಮದುಮಗಳ ಜಡೆಗೂ ಇವಳೇ ಹೂ ಮುಡಿಸಿದ್ದು, ಇನ್ನೆಂತ ಕಾದಿದೆಯೋ. ಒಬ್ಬಾಕೆ ಆರತಿಯ ನೀರನ್ನು ಗೋದಾವರಿಯ ಕಾಲ ಬುಡಕ್ಕೆ ಚೆಲ್ಲಿ ದೂರ ಸರಿದಳು. ಗೋದಾವರಿ ಗುಣಪಾಲನ ಕಡೆ ನೋಡಿದಳು. ಒಂದು ಮಾತು ಹೇಳಿದರೆ ಸಾಕು ಅವನು; ಬೆಳಿಗ್ಗೆ ಏನಾಯಿತು, ಅಂಚು ಯಾವುದರಲ್ಲಿ ನೆನೆಯಿತು ಎಂದು. ಗುಣಪಾಲ ದುಗ್ಗಪ್ಪಣ್ಣನ ಮುಖ ನೋಡಿದ. ಆಮೇಲೆ ಕುದುರೆಯ ಕಿವಿ ನೋಡಿದ. ಆಮೇಲೆ ನೆಲ ನೋಡಿದ.

ಕುದುರೆಗೆ ಆ ದಾಕ್ಷಿಣ್ಯವಿರಲಿಲ್ಲ. ಗಾಳಿ ಕಡಲಿನ ಕಡೆಯಿಂದ, ಪಾಗಾರದ ಒಳಗಿಂದ ಬೀಸುತ್ತಿತ್ತು. ಅದು ಒಮ್ಮೆ ಕೆನೆಯಿತು, ಗುಣಪಾಲನನ್ನು ದರದರ ಎಳೆದುಕೊಂಡು ಗೇಟಿನೊಳಗೆ ನುಗ್ಗಿತು. ಮೇಲೆ ಕೂತಿದ್ದ ಮದುಮಗ ಎರಡೂ ಕೈಯಲ್ಲಿ ಅದರ ಕುತ್ತಿಗೆ ತಬ್ಬಿಕೊಂಡ. ಪೇಟ ಬಿದ್ದು ಉರುಳಿತು.

"ಮಾಮಾ! ನಾ ಇಳೀಲಾ? ಇದ್ ಗಡಿಬಿಡಿ ಮಾಡತ್ತ್ ಮಾಮಾ!"

"ಹಿಡ್ಕಣಿ, ಹಿಡ್ಕಣಿ, ಬೀಳುದಿಲ್ಲೆ!" ಎಂದು ಗುಣಪಾಲ ಲಗಾಮಿಗೆ ಜೋತುಬಿದ್ದ.

ಕುದುರೆ ನಳ್ಳಿಯ ಹತ್ತಿರ ಹೋಗಿ ನಿಂತಿತು. ತಿಕ್ಕಿ ತೊಳೆದು ಬಿಸಿಲಿಗೆ ಒಣಗಿದ ಖಾಲಿ ನೆಲ. ಅದರ ಮೇಲೆ ಮೂಗನ್ನು ಉಜ್ಜುತ್ತ ಮೂಸಿತು. ತಲೆ ಎತ್ತಿತು. ತುಟಿ ಮಡಚಿತು. ಗೇಟಿನಲ್ಲಿ ಗೋದಾವರಿಯ ಎದುರು ನಿಂತ ಹಾಗೆಯೇ, ಹಲ್ಲು ಬಿಟ್ಟು, ಕಣ್ಣು ಅರೆಮುಚ್ಚಿ ನಿಂತಿತು.

ಗೋದಾವರಿ ಹರಿವಾಣ ಹಿಡಿದೇ ಒಳಗೆ ನಡೆದಳು.

"ರಾಜೀವಕ್ಕಾ, ಈ ಸಿಮೆಂಟ್ ನೆಲವೂ ಹೊರ್ಗಾ? ಇದನ್ನೂ ಬಚ್ಚಲಿಗ್ ಕರ್ಕಂಡ್ ಹೋತ್ರಿಯಾ?"

ಹಿಂದಿನಿಂದ ಯಾರೋ ಕಿಸಕ್ಕೆಂದರು.

"ಗುಣಪಾಲ," ಎಂದಳು ಅವಳು, "ಬೆಳಿಗ್ಗೆ ಇಲ್ಲಿ ಎಂತ ಕಟ್ಟಿದ್ದೆ? ನೀ ಹೇಳ್ತ್ಯಾ, ನಾ ಹೇಳ್ಲಾ?"

ಅವನು ಲಗಾಮನ್ನು ಕೈಗೆ ಸುತ್ತಿಕೊಂಡ. ಅವಳೇ ಹೇಳಿದಳು. ಹೆಣ್ಣು ಕುದುರೆ, ರಾತ್ರಿಯಿಂದ ಇಲ್ಲೇ ಇತ್ತು, ಹೊಯ್ದದ್ದನ್ನು ತಾನು ತೊಳೆದದ್ದು, ಸೀರೆಯ ಅಂಚು ನೆನೆದದ್ದು. ದೇವರ ಹಾರ ಒಳಗೆ ಕೊಟ್ಟ ಮೇಲೆ ಇದೆಲ್ಲ ಎಂದೂ ಹೇಳಿದಳು. ದುಗ್ಗಪ್ಪಣ್ಣ ಗುಣಪಾಲನ ಕಡೆ ತಿರುಗಿದರು. ಇನ್ನು ಅಡಗಿಸಿ ಫಲವಿಲ್ಲ ಎಂದು ಅವನಿಗೂ ತಿಳಿಯಿತು.

"ಹೌದ್ ದುಗ್ಗಪ್ಪಣ್ಣ. ಅದ್ ಬೆದಿಗ್ ಬಂದಿತ್ತ್. ಇದಕ್ಕೆ ಅದ್ರ ವಾಸನಿ." ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. "ಗಂಡ್ ಕುದ್ರಿ ನೆಗಾಡುದಲ್ಲ ಅದ್. ಮೂಗಿನ್ ಒಳ್ಗೆ, ಬಾಯಿ ಅಂಗಳದ್ ಮೇಲೆ, ಎರಡ್ ಸಣ್ಣ ನಳಿಗಿ ಇತ್ತಂಬ್ರ್. ಲಾಯದ್ ಡಾಕ್ಟ್ರ್ ಹೇಳ್ತಿದ್ರ್. ಬರೀ ಮೂಸಿರೆ ಅಲ್ಲಿಗ್ ಹೋತಿಲ್ಲೆ. ತುಟಿ ಹೀಂಗ್ ಮಡ್ಚಿ ಹೊಳ್ಳಿ ಮುಚ್ಕಂಡ್ರೆ ವಾಸನಿ ಒಳ್ಗ್ ಹೋತ್ತ್. ಹೆಣ್ಣ್ ಕುದ್ರಿ ಮರಿಗ್ ತಯಾರಿತ್ತಾ ಇಲ್ಯಾ ಅಂದೇಳಿ ಅದಕ್ಕ್ ಅಲ್ಲಿ ಗೊತ್ತಾಪ್ದ್. ಮನ್ಷರ ವಿಷ್ಯ ಅದಕ್ಕೆಂತಕೆ?"

"ಅದನ್ನ ಆಗ್ಳೇ ಹೇಳುಕೆ ನಿನ್ ಬಾಯಿಗ್ ಎಂತ ತುರ್ಕಿದ್ದೆ?" ಎಂದು ದಿಬ್ಬಣದಲ್ಲಿದ್ದ ಮದುಮಗನ ಸೋದರಮಾವ ಗದರಿದ.

ಇಷ್ಟಾದ ಮೇಲೆ ಒಳ್ಳೆಯ ಮಾತೊಂದು ಬರುತ್ತದೆ ಎಂದು ಗೋದಾವರಿ ಕಾದಳು. ತಪ್ಪಾಯಿತು ಎಂದು ಯಾರೂ ಹೇಳುವುದು ಬೇಡ. ಹೋಗಲಿ ಬಾ ಎಂದರೂ ಸಾಕಿತ್ತು. ಆದರೆ ದುಗ್ಗಪ್ಪಣ್ಣನ ಸಿಟ್ಟಿಗೆ ಇಳಿಯಲು ಒಂದು ಜಾಗ ಬೇಕಿತ್ತು. ಗುಣಪಾಲ ನಾಳೆ ನಾವುಂದಕ್ಕೆ ಹೋಗುವವನು. ಗೋದಾವರಿ ಇಲ್ಲಿಯೇ ಇರುವವಳು.

"ಹಂಗಾರೆ ಕುದ್ರಿ ಒಳ್ಗ್ ಬಂದದ್ ನಿಮ್ಗ್ ಗೊತ್ತಿತ್ತ್. ನಂಗ್ ಹೇಳ್ಲಿಲ್ಲೆ," ಎಂದರು. "ಆ ಹೇಸಿಗಿ ಮುಟ್ಟಿ, ಮೀಯದೆ, ಮದುಮಗಳ್ ತಲಿ ಮುಟ್ಟಿದ್ರಿ. ಹಾರದ್ ಹರಿವಾಣ ಹಿಡಿದ್ರಿ. ಅದೂ ಮೈಲಿಗಿಯೇ ಅಲ್ದಾ? ಭಟ್ರೇ, ಪಂಚಗವ್ಯ ತನ್ನಿ. ಎಲ್ಲರೆದ್ರಿಗ್ ಕುಡ್ದ್ ಶುದ್ಧ ಆಯ್ಲಿ."

ರಾಜೀವಕ್ಕನ ಮುಖಕ್ಕೆ ಮತ್ತೆ ಕಳೆ ಬಂತು. "ನಾ ಹೇಳಿದ್ದೂ ಅದೇ. ಮೈಲಿಗಿ ಇತ್ತ್ ಅಂದೇಳಿ. ಯಾವ್ದಾರೆ ಎಂತ?"

"ಕುದ್ರಿದ್ ಮುಟ್ರೆ ಮೈಲಿಗಿ," ಎಂದಳು ಶ್ರಾವ್ಯ. ಅಷ್ಟು ಹೊತ್ತು ಬಾಯಿ ಬಿಡದವಳು. "ದನದ್ ಕುಡ್ರೆ ಮಡಿಯಾ?"

"ಬಾಯ್ಮುಚ್ಚ್ ಹುಡ್ಗಿ!" ಎಂದು ನಾಲ್ಕೈದು ಜನ ಒಟ್ಟಿಗೆ ಹೇಳಿದರು. ಯೋಗೀಶನ ಗೆಳೆಯರಲ್ಲಿ ಒಬ್ಬ ನಗು ತಡೆಯಲಾರದೆ ಕರವಸ್ತ್ರ ಬಾಯಿಗೆ ಒತ್ತಿಕೊಂಡ.

ಗೋದಾವರಿ ಮಗಳನ್ನು ಗದರಲಿಲ್ಲ. "ಕುಡಿತೆ ದುಗ್ಗಪ್ಪಣ್ಣ," ಎಂದಳು. "ಒಬ್ಳೇ ಅಲ್ಲ. ಬೆಳಿಗ್ಗೆಯಿಂದ ಈ ನೆಲ ಮೆಟ್ಟಿ ಕಾಲ್ ತೊಳ್ದವ್ರೆಲ್ಲ ಸಾಲಿಗ್ ನಿಲ್ಲಿ. ಮದುಮಗಳೂ ಇಲ್ಲೇ ಕಾಲ್ ತೊಳ್ದದ್. ರಾಜೀವಕ್ಕಾ, ನೀವೂ. ದುಗ್ಗಪ್ಪಣ್ಣ, ನೀವ್ ಮೊಕ್ತೇಸರ್ರ್, ಎರಡ್ ಸಲ. ನಾ ಕಡೀಗ್ ನಿಲ್ತೆ, ನಂಗೆಂತ ಗಡಿಬಿಡಿ ಇಲ್ಲೆ."

ಕೆಲವರು ಮೆಲ್ಲಗೆ ತಮ್ಮ ಪಾದ ನೋಡಿಕೊಂಡರು. ಭಟ್ಟರು ವಾಚು ನೋಡಿ ಗಂಟಲು ಸರಿಮಾಡಿದರು. ಹನ್ನೆರಡಕ್ಕೆ ಹತ್ತು ನಿಮಿಷ. ಹನ್ನೆರಡೂಕಾಲಿಗೆ ಮುಹೂರ್ತ. ಇನ್ನೂರು ಜನಕ್ಕೆ ಪಂಚಗವ್ಯ ಎಲ್ಲಿಂದ ತರುವುದು?

"ಆಯ್ತ್ ಆಯ್ತ್. ಮುಹೂರ್ತ ಮೀರುದ್ ಬ್ಯಾಡ," ಎಂದರು ದುಗ್ಗಪ್ಪಣ್ಣ. ಭಟ್ಟರು ತುಳಸಿ ದಳದಿಂದ ಹರಿವಾಣದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರು. ಹಾರಗಳನ್ನು ರಾಜೀವಕ್ಕ ಎತ್ತಿಕೊಂಡು ಒಳಗೆ ಹೋದರು. ಮದುಮಗನನ್ನು ಇಳಿಸಿ, ಪೇಟ ಝಾಡಿಸಿ ತೊಡಿಸಿದರು. ಬ್ಯಾಂಡು ಮತ್ತೆ ಶುರುವಾಯಿತು. ನಾಲ್ಕು ಹನಿಯಲ್ಲಿ ಹಾರಗಳು ಶುದ್ಧವಾಗಿದ್ದವು. ಕಟ್ಟಿದವಳ ಕಡೆಗೆ ಆ ತುಳಸಿ ತಿರುಗಲಿಲ್ಲ.

"ನಾಳಿಂದ ಸುಗುಣ ಕಟ್ಲಿ," ಎಂದು ದುಗ್ಗಪ್ಪಣ್ಣ ಹೋಗುತ್ತ ಹೇಳಿದರು, ಬೇರೆ ಯಾರಿಗೋ ಹೇಳುವ ಹಾಗೆ.

ಗೋದಾವರಿ ಖಾಲಿ ಹರಿವಾಣವನ್ನು ಮಂಟಪದ ಮೆಟ್ಟಿಲ ಮೇಲಿಟ್ಟಳು. ಮಗಳ ಕೈ ಹಿಡಿದು ಗೇಟು ದಾಟಿದಳು. ರಸ್ತೆಯಾಚೆ ಗುಣಪಾಲ ಕುದುರೆಗೆ ನೀರು ತೋರಿಸುತ್ತಿದ್ದ.

"ಅಕ್ಕಾ, ನಂಗೆ ಆ ಹೊತ್ತಿಗೆ..."

"ನಿಂಗೂ ಬಾಯಿ ಇತ್ತ್ ಅಂದೇಳಿ ಮಾಡಿದ್ದೆ," ಎಂದಳು ಗೋದಾವರಿ, ನಿಲ್ಲದೆ. "ಇದ್ದದ್ ಕುದ್ರಿಗ್ ಮಾತ್ರ."

ಹೊಯಿಗೆಯ ದಾರಿ, ಮರಳೆಲ್ಲ ಬಿಸಿಲಿಗೆ ಕಾದಿತ್ತು.

"ಅಮ್ಮಾ," ಎಂದಳು ಶ್ರಾವ್ಯ. "ಒಂದ್ ನಿಮಿಷ ಬಚ್ಚಲಿಗ್ ಹೋಗಿ ಬಂದಿದ್ರೆ ಕೆಲ್ಸ ಉಳೀತಿತ್ತ್ ಅಲ್ದಾ?"

"ಉಳೀತಿತ್ತ್."

"ಮತ್ತೆ?"

ಕೆಲಸ ಹೋದದ್ದು ಗೋದಾವರಿಗೆ ಈಗಷ್ಟೇ ಪೂರ್ತಿ ಅರಿವಾಗುತ್ತಿತ್ತು. ಅತ್ತೆ ಸಾಯುವಾಗಲೂ ಕೇಳಿದ್ದು ಬೆಳಗಿನ ಹಾರ ಆಯಿತಾ ಎಂದು.

"ನೀ ಹಿಂದಿಂದ ಬತ್ತಾ ಇದ್ದೆ ಮಗಾ," ಎಂದಳು ಕೊನೆಗೆ. "ನಾ ಹೋಗಿದ್ರೆ ಇನ್ನೊಂದಿನ ನಿನ್ನನ್ನೂ ಕರಿತಿದ್ರ್. ನೀನೂ ಹೋತಿದ್ದೆ."

ಶ್ರಾವ್ಯಳಿಗೆ ಅರ್ಥವಾಯಿತೋ ಇಲ್ಲವೋ. ಅವಳು ಅಮ್ಮನ ಕೈಯನ್ನು ಇನ್ನೊಂದಿಷ್ಟು ಬಿಗಿಯಾಗಿ ಹಿಡಿದಳು, ಅಷ್ಟೆ.

ಆಮೇಲೆ ಗೋದಾವರಿ ಕೋಟ ಪೇಟೆಯ ಹೆದ್ದಾರಿ ಬದಿಯ ಒಂದು ಹೂವಿನ ಅಂಗಡಿಗೆ ಮಾಲೆ ಕಟ್ಟಿಕೊಡತೊಡಗಿದಳು. ದೇವಸ್ಥಾನದ ದಾರಿಯಲ್ಲಿ ರಾಜೀವಕ್ಕ ಎದುರು ಬಂದರೆ ಇಬ್ಬರೂ ಬೇಲಿಯ ಎರಡು ಬದಿ ನೋಡುತ್ತ ದಾಟುತ್ತಿದ್ದರು. ಕೇರಿಯ ಕೆಲವರು ಅವಳ ಪರ, ಹೆಚ್ಚಿನವರು ಅಲ್ಲ. ಕುದುರೆಯ ಮೂಗಿನ ನಳಿಗೆಯ ಸಂಗತಿಯನ್ನು ಎರಡು ವಾರದಲ್ಲಿ ಎಲ್ಲರೂ ಮರೆತರು. ಕುದುರೆ ಅವಳನ್ನು ಮೂಸಿ ಹಲ್ಲು ಬಿಟ್ಟದ್ದು ಮಾತ್ರ ಯಾರಿಗೂ ಮರೆಯಲಿಲ್ಲ.

ಜೂನ್ ಮುಗಿಯುವ ಹೊತ್ತಿಗೆ ಒಂದು ದಿನ ಶ್ರಾವ್ಯ ಶಾಲೆಗೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಯಾಕೆ ಎಂಬುದು ಅಮ್ಮ ಮಗಳಿಬ್ಬರಿಗೇ ಗೊತ್ತು. ಮೂರನೆಯ ದಿನ ಅವಳು ಜಗಲಿಯಲ್ಲಿ ಕೂತು ಗಣಿತ ಮಾಡುತ್ತಿದ್ದಾಗ, ಮಳೆಯಲ್ಲೇ ಕೊಡೆ ಹಿಡಿದು ರಾಜೀವಕ್ಕ ಬೇಲಿಯ ಹತ್ತಿರ ಬಂದು ನಿಂತರು. ಒಂದೂವರೆ ತಿಂಗಳ ಮೇಲೆ ಮೊದಲ ಮಾತು.

"ಹೆಣೇ, ಮೂರ್ ದಿನದಿಂದ ಶಾಲೆಗ್ ಹೋಪುದ್ ಕಾಂತಿಲ್ಲೆ. ದೊಡ್ಡವ್ಳ್ ಆದ್ಯಾ?"

ಗೋದಾವರಿ ಒಳಗೆ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದಳು. ಕತ್ತಿ ನಿಂತಿತು. ಏಳಬೇಕೆಂದು ಒಂದು ಮೊಣಕಾಲನ್ನೂ ಎತ್ತಿದಳು.

"ನೀವ್ ಎಂತಕ್ ಎಣ್ಸ್ತಾ ಇದ್ರಿ?" ಎಂದಳು ಶ್ರಾವ್ಯ.

"ಕೇಂಡ್ರೆ ಎಂತ ತಪ್ಪ್? ನೆರೆಮನಿಯವ್ರ್ ನಾವ್."

"ಗಣಿತ ಮಾಡ್ತಾ ಇದ್ದೆ. ಬೇಕಾರೆ ಅದನ್ನ್ ಕೇಣಿ, ಹೇಳ್ತೆ."

"ಗೋದಾವರೀ! ಕೇಂಡ್ಯಾ ನಿನ್ ಮಗಳ್ ಬಾಯಿ?" ಎಂದು ಬೇಲಿಯಿಂದ ಕೂಗು ಬಂತು.

ಗೋದಾವರಿ ಎತ್ತಿದ ಮೊಣಕಾಲನ್ನು ಕೆಳಗಿಟ್ಟು ಚಕ್ಕಳಮಟ್ಟೆ ಹಾಕಿ ಕೂತಳು.

"ಕೇಂಡೆ," ಎಂದು ಒಳಗಿಂದಲೇ ಹೇಳಿ, ಇನ್ನೊಂದು ಬೀಜ ಎತ್ತಿಕೊಂಡಳು.